ಕಡಲು ದುಮ್ಮೆಂದು ಸುಮ್ಮನಾಗುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ. ಆಗ ಕಡಲಮ್ಮನಿಗೆ ಒಬ್ಬಳೇ ಮಗಳು, ಮಳಲಿ. ಮರಳಿನ ಹುಡುಗಿ. ನೀರಿನ ತಳದಲ್ಲಿ, ಅಮ್ಮನ ಮಡಿಲಲ್ಲಿ, ಹಾಯಾಗಿ ಮಲಗಿರುವುದೇ ಅವಳ ಕೆಲಸ.

ಒಂದು ದಿನ ಬೆಂಕಿಬೆಟ್ಟದ ಹೊಟ್ಟೆಯಿಂದ ಕರಿಯಣ್ಣ ಹೊರಟ. ಕರಿಯಣ್ಣ ಎಂದರೆ ಕಾದು ಕರಗಿದ ಕಲ್ಲು. "ಉರಿ, ಉರಿ! ದಾರಿ ಬಿಡಿ!" ಎನ್ನುತ್ತ ಓಡಿಬಂದು ಕಡಲಿಗೆ ಹಾರಿದ. ಚುಂಯ್ ಎಂದು ತಣ್ಣಗಾದ. ಕೆಳಗೆ ಯಾರಿದ್ದಾರೆಂದು ನೋಡದೆ ಅಲ್ಲೇ ಕೈಕಾಲು ಚಾಚಿದ. ಅವನ ಮೇಲೆ ಅವನ ತಮ್ಮ ಬಂದು ಬಿದ್ದ, ತಮ್ಮನ ಮೇಲೆ ಇನ್ನೊಬ್ಬ ತಮ್ಮ. ಮಳಲಿ ಅಡಿಯಲ್ಲಿ ಮುಚ್ಚಿಹೋದಳು.

"ಏಳೋ ಕರಿಯಣ್ಣ, ನನ್ನ ಮಗಳು ಅಡಿಯಲ್ಲಿದ್ದಾಳೆ!" ಎಂದು ಕಡಲಮ್ಮ ಅಂಗಲಾಚಿದಳು.

"ಏಳಲು ಆಗುವುದಿಲ್ಲಮ್ಮ. ಕಲ್ಲಾಗಿಬಿಟ್ಟೆ," ಎಂದ ಕರಿಯಣ್ಣ. ಪಾಪ, ಅದು ಸುಳ್ಳಲ್ಲ.

ಗಾಳಿ ಹೇಳಿತು, "ಅವಳಿನ್ನೆಲ್ಲಿ? ಪುಡಿಪುಡಿಯಾಗಿರುತ್ತಾಳೆ. ಬಿಟ್ಟುಬಿಡು."

"ಬಿಡುವುದಿಲ್ಲ," ಎಂದಳು ಕಡಲಮ್ಮ. "ಕಣ್ಣಿಗೆ ಕಾಣದಿದ್ದರೆ ಕಿವಿಗೆ ಕೇಳಲಿ."

ಕೂಗಿದಳು, "ಮಳಲೀ!" ಆ ಸಣ್ಣ ದನಿ ಕರಿಯಣ್ಣನ ಗಟ್ಟಿ ಬೆನ್ನಿಗೆ ಬಡಿದು ಚೂರಾಗಿ ಚೆಲ್ಲಿಹೋಯಿತು. ಮತ್ತೆ ಕೂಗಿದಳು. ಮತ್ತೆ ಚೆಲ್ಲಿತು. ಮೀನುಗಳು ಬೇಜಾರಾಗಿ ಬೇರೆ ಕಡೆ ಹೋದವು. ಕಡಲಮ್ಮ ಕೂಗುತ್ತಲೇ ಇದ್ದಳು.

ಇಲ್ಲಿ ನನ್ನ ಮೊಮ್ಮಗಳು ಲಾಸ್ಯ ಬಾಯಿ ಹಾಕಿದಳು. "ಅಷ್ಟು ಕೂಗಿದ್ರೆ ಗಂಟಲು ಹೋಗುದಿಲ್ವಾ ಅಜ್ಜಿ?"

"ಹೋಯ್ತು ಮಾರಾಯ್ತಿ! ಕೂಗಿ ಕೂಗಿ ಗಂಟಲು ಕೂತು, ಸ್ವರ ದಪ್ಪ ಆಯ್ತು. ಅದೇ ಒಳ್ಳೇದಾಯ್ತು ನೋಡು."

ಹೌದು. ಕೂತ ಗಂಟಲಿನಿಂದ ದುಮ್ ಎಂಬ ದಪ್ಪ ದನಿಯಷ್ಟೇ ಹೊರಟಿತು. ಆ ದನಿ ಚೂರಾಗಲಿಲ್ಲ. ನಿಧಾನವಾಗಿ ಕರಿಯಣ್ಣನ ಮೈಯೊಳಗೆ ಇಳಿಯಿತು. ಆದರೂ ಕಡಲಮ್ಮನಿಗೆ ಕೇಳಿದ್ದು ಕರಿಯಣ್ಣನ ಗೊರಕೆ ಮಾತ್ರ.

ಆಗ ದೂರದಿಂದ ಮುದಿ ತಿಮಿಂಗಿಲ ಕರೆಯಿತು. "ಕಡಲಮ್ಮಾ, ಇಲ್ಲಿ ಯಾರೋ ಮಾತಾಡುತ್ತಿದ್ದಾರೆ! ಕೂಗಿದ ಜಾಗದಲ್ಲೇ ಕಿವಿ ಇಟ್ಟರೆ ಅವನ ಗೊರಕೆಯೇ ಕೇಳುವುದು. ಕೂಗಿಬಿಟ್ಟು ಇಷ್ಟು ದೂರ ಬಂದು ಕೇಳು."

ಕಡಲಮ್ಮ ದುಮ್ಮೆಂದಳು. ದೂರ ದೂರಕ್ಕೆ ಹರಡಿಕೊಂಡು, ಉಸಿರು ಬಿಗಿಹಿಡಿದು ಕಿವಿಗೊಟ್ಟಳು.

"ಅಮ್ಮಾ, ಇಲ್ಲೇ ಇದ್ದೇನೆ."

ತಡವಾಗಿ ಬಂತು, ಸಣ್ಣಗೆ ಬಂತು, ಆದರೆ ಬಂತು. ಹತ್ತಿರವಿದ್ದ ಕಡೆ ಬೇಗ, ದೂರವಿದ್ದ ಕಡೆ ತಡವಾಗಿ. ಅದರಿಂದಲೇ ಕಡಲಮ್ಮ ಮಗಳ ತಲೆ ಎಲ್ಲಿ, ಮಡಚಿದ ಮೊಣಕಾಲು ಎಲ್ಲಿ ಎಂದು ಒಂದೊಂದಾಗಿ ತಿಳಿದುಕೊಂಡಳು. ಮಳಲಿ ಪುಡಿಯಾಗಿರಲಿಲ್ಲ. ಸ್ವಲ್ಪ ಬಾಗಿದ್ದಳು, ಅಷ್ಟೇ. ಕಡಲಮ್ಮನ ಸಂತೋಷ ಹೇಳತೀರದು. ಗಾಳಿ ಅತ್ತ ತಿರುಗಿ ಬೀಸಿತು.

ಕರಿಯಣ್ಣನನ್ನು ಎತ್ತಲು ಅವಳಿಂದ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಮಗಳನ್ನು ಮಾತಾಡಿಸುವುದನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ.

ಲಾಸ್ಯಾ, ನಿನ್ನ ಅಪ್ಪ ಕಾವಲು ದೋಣಿಯಲ್ಲಿ ಜೊತೆಗೆ ಹೋಗುವ, ಕಡಲ ತಳ ಶೋಧಿಸುವ ಆ ದೊಡ್ಡ ಹಡಗು ಕಲಿತದ್ದೂ ಇದನ್ನೇ. ದುಮ್ಮೆನ್ನುತ್ತದೆ, ಹಿಂದೆ ಮೈಲುಗಟ್ಟಲೆ ಉದ್ದದ ಹಗ್ಗದ ಬಾಲದ ತುಂಬ ಕಿವಿ ಕಟ್ಟಿಕೊಂಡು ಕೇಳುತ್ತದೆ, ಕರಿಕಲ್ಲಿನ ಅಡಿಯಲ್ಲಿ ಏನಿದೆಯೆಂದು ಚಿತ್ರ ಬರೆಯುತ್ತದೆ.

ಮತ್ತೆ ನೀನು ದಡದಲ್ಲಿ ನಿಂತಾಗ ಅಲೆ ದುಮ್ಮೆಂದು ಬಡಿದು, ಹಿಂದೆ ಸರಿದು, ಒಂದು ಗಳಿಗೆ ಸುಮ್ಮನಾಗುತ್ತದಲ್ಲ, ಅದು ಕಡಲಮ್ಮ ಮಗಳ ಉತ್ತರ ಕೇಳುತ್ತಿರುವುದು.