ಸೌಳೂರಿನ ಸಪ್ಪೆದಿಬ್ಬ

ಹಗರಿ ಹೊಳೆ ದಾಟಿ ಸೌಳೂರಿನ ಕಡೆ ತಿರುಗಿದರೆ ಎಡಕ್ಕೆ ಕಾಣುವ ಬೂದುಬಣ್ಣದ ಎತ್ತರವೇ ಸಪ್ಪೆದಿಬ್ಬ. ಅದರ ಮೇಲೆ ಜಾಲಿಯೂ ನೆಟ್ಟಗೆ ಬೆಳೆಯುವುದಿಲ್ಲ. ಬುಡದಲ್ಲಿರುವ ಪುರಾತತ್ವ ಇಲಾಖೆಯ ಹಲಗೆ 'ಪ್ರಾಚೀನ ಉಪ್ಪು ತಯಾರಿಕೆಯ ನೆಲೆ' ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿದೆ, ಉಳಿದದ್ದಕ್ಕೆ ನಾನಿದ್ದೇನೆ. ಸೌಳುಮಣ್ಣನ್ನು ನೀರಲ್ಲಿ ಕಲಸಿ ಸೋಸಿ, ಆ ನೀರನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದವರು ಸಾರ ಹೋದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ತಂದು ಇಲ್ಲಿ ಸುರಿದರು. ಮುತ್ತಜ್ಜಂದಿರಿಂದ ಮರಿಮಕ್ಕಳವರೆಗೆ ಸುರಿದದ್ದೇ ಇಷ್ಟೆತ್ತರವಾಯಿತು. ನಾನು ನೆಕ್ಕಿ ನೋಡಿದ್ದೇನೆ, ಸಪ್ಪೆಯೇ. ಆದರೆ ಹೆಸರು ಬಂದದ್ದು ಮಣ್ಣಿನಿಂದಲ್ಲ, ಒಂದು ಊಟದಿಂದ. ದಿಬ್ಬ ಅಳೆಯಲು ಬಂದಿದ್ದ ಸಂಶೋಧಕಿಯೊಬ್ಬಳು, ಅಮೆರಿಕದ ಕ್ಯಾಡೊ ಎಂಬ ಮೂಲನಿವಾಸಿಗಳೂ ಉಪ್ಪು ಕಾಯಿಸುತ್ತಿದ್ದರು, ಬುಟ್ಟಿಯಲ್ಲಿ ಮಣ್ಣು ಹೊತ್ತು ದಿಬ್ಬ ಕಟ್ಟಿದ್ದರು, ಅವರನ್ನೂ ಬಿಳಿಯರು ಆ ನೆಲದಿಂದ ಎಬ್ಬಿಸಿದರು ಎಂದಳು. "ಅವರೂ ಊಟ ಬಡಿಸೋದರಲ್ಲಿ ಎಡವಿದರೇನಮ್ಮ?" ಎಂದು ಕೇಳಿದೆ. "ಅವರದೇನೂ ತಪ್ಪಿರಲಿಲ್ಲ" ಎಂದಳು. ನಮ್ಮ ಉಪ್ಪಿನವರ ಬಗ್ಗೆ ಹಾಗೆ ಹೇಳಲು ನಾಲಿಗೆ ಸ್ವಲ್ಪ ತಡೆಯುತ್ತದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಉಪ್ಪಿನವರ ಕೇರಿಗೆ ಹುಲಿಗೆವ್ವ ಎಂಬ ಮುದುಕಿ ಹಿರಿಯಳಾಗಿದ್ದಳು. ಕೋಟೆಯ ಒಡೆಯನಿಗೆ ಕುದುರೆ ಕಟ್ಟಲು ಹೊಳೆದಂಡೆಯ ಬಯಲು ಬೇಕಾಯಿತು. ಈ ದಂಡೆಯೋ ಆಚೆಯದೋ ಎಂದು ನೋಡಿ ಹೇಳಲು ಅವನು ದಳವಾಯಿ ಕಾಟನಾಯಕನನ್ನು ಕಳಿಸಿದ. ಈ ದಂಡೆ ಎಂದರೆ ಕೇರಿಯೇ ಏಳಬೇಕು. ಹುಲಿಗೆವ್ವ ಹೆದರಲಿಲ್ಲ. ಒಬ್ಬರ ಉಪ್ಪು ತಿಂದವನು ಅವರಿಗೆ ಎರಡು ಬಗೆಯುವಂತಿಲ್ಲ ಎಂಬ ಮಾತು ಆಗ ಕೋಟೆಯೊಳಗೂ ನಡೆಯುತ್ತಿತ್ತು. "ಉಂಡು ಹೋಗಲಿ, ಸಾಕು" ಎಂದು ಅಡುಗೆಗೆ ಹೇಳಿ, ಅತಿಥಿ ಉಣ್ಣುವಾಗ ಹಿರಿಯಳು ಎದುರಿರಬಾರದೆಂದು ದಿಬ್ಬದ ಬಳಿ ಹೋಗಿ ಕೂತಳು. ಬಡಿಸಲು ನಿಂತವನು ಅವಳ ಅಳಿಯ ಎರಿಸ್ವಾಮಿ, ಊರಿಗೆಲ್ಲ ಹೆಸರಾದ ಕೀಟಲೆಯವ. ಇಂಥವರ ಕೈಗೆ ಸೌಟು ಕೊಡಬಾರದು. ನಮ್ಮ ಮನೆಯಲ್ಲಿ ನನಗೆ ಕೊಡುವುದಿಲ್ಲ. ದಳವಾಯಿ ಕೂತವನೇ, "ನಮ್ಮಲ್ಲಿಗೆ ಸಮುದ್ರದ ಉಪ್ಪು ಬರ್ತದೆ. ನಿಮ್ಮ ಮಣ್ಣುಪ್ಪು ದನಕ್ಕೆ ಹಾಕ್ತೀವಿ" ಎಂದ. ಎರಿಸ್ವಾಮಿಗೆ ಚುಚ್ಚಿತು. ಕುದಿಯುತ್ತಿದ್ದ ಸಾರಿಗೆ ಉಪ್ಪು ಬೀಳದಂತೆ ನೋಡಿಕೊಂಡ, ಎಲೆಯ ಅಂಚಿಗೂ ಹಾಕಲಿಲ್ಲ. ಮೊದಲ ತುತ್ತಿಗೇ ಇವನು ಉಪ್ಪು ಕೇಳುತ್ತಾನೆ, ಆಗ ಅದೇ ಮಣ್ಣುಪ್ಪನ್ನು ಬೊಗಸೆ ತುಂಬ ಕೊಟ್ಟು ನಗೋಣ ಎಂಬುದಷ್ಟೇ ಅವನ ಹಂಚಿಕೆ. ಕೇರಿಯವರೆಲ್ಲ ಬಾಗಿಲ ಮರೆಯಲ್ಲಿ ತುಟಿ ಕಚ್ಚಿಕೊಂಡು ಕಾದರು. ದಳವಾಯಿ ಒಂದು ತುತ್ತು ನುಂಗಿ ಎರಿಸ್ವಾಮಿಯ ಮುಖ ನೋಡಿದ. ಏನೂ ಕೇಳಲಿಲ್ಲ. ಎಲೆ ಖಾಲಿ ಮಾಡಿ ಕೈ ತೊಳೆದು ಎದ್ದ. ಸುದ್ದಿ ಮುಟ್ಟಿದಾಗ ಹುಲಿಗೆವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದು ಕುದುರೆಯ ಹಿಂದೆ ಓಡಿದಳು.

"ನಾಯಕಾ, ಒಂದು ಹರಳು ಬಾಯಿಗೆ ಹಾಕ್ಕೊಂಡು ಹೋಗಪ್ಪ."

"ಹೊಟ್ಟೆ ತುಂಬಿದೆ ಅವ್ವ. ನಿನ್ನ ಅಳಿಯ ಚೆನ್ನಾಗೇ ಬಡಿಸಿದ."

ಮಳೆಗೆ ಮೊದಲೇ ಜಾಗ ಬಿಡಿ ಎಂಬ ಅಪ್ಪಣೆ ಬಂತು. ತಂದವನೂ ಅವನೇ. "ನಮ್ಮನೇಲಿ ಉಂಡಿದ್ದೆಯಲ್ಲೋ" ಎಂದು ಮುದುಕಿ ಕೇಳಿದರೆ, "ಉಂಡೆ. ಸಪ್ಪೆ ಉಂಡೆ" ಎಂದನಂತೆ. ಒಂದು ಹರಳು ನಾಲಿಗೆಗೆ ಬಿದ್ದಿದ್ದರೂ ಒಡೆಯನೆದುರು ನಿಂತು ಕೇರಿಯ ಪರ ಮಾತಾಡುತ್ತಿದ್ದ, ಸಪ್ಪೆ ಉಂಡೆ ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು ಎನ್ನುತ್ತಾರೆ. ಕಣ್ಣೀರನ್ನು ನಾನೇ ಸೇರಿಸಿದ್ದಿರಲೂಬಹುದು. ಯಾವುದೋ ಜಾತ್ರೆಯಲ್ಲಿ ಹೇಳಿದೆ, ಈಗ ಎಲ್ಲರೂ ಹಾಗೇ ಹೇಳುತ್ತಾರೆ. ಕೇರಿಯವರು ಉಪ್ಪಿನ ಕೊಪ್ಪರಿಗೆ ಹೊತ್ತು ತೆಂಕಲಿಗೆ ಹೋದರು. ದಾರಿಯುದ್ದಕ್ಕೂ ಎರಿಸ್ವಾಮಿಯನ್ನು ಯಾರೂ ಬೈಯಲಿಲ್ಲ. ಜತೆಗೆ ನಗಲು ಕಾದಿದ್ದವರು ಬೈಯುವುದಾದರೂ ಹೇಗೆ? ಸಾಯುವವರೆಗೆ ಅವನು ಉಪ್ಪು ಮುಟ್ಟಲಿಲ್ಲವಂತೆ.

ಈಗಲೂ ತೆಂಕಲಿಂದ ಆ ಕೇರಿಯವರ ಸಂತತಿಯ ಕೆಲವರು ಬರುತ್ತಾರೆ. ದಿಬ್ಬದ ನೆತ್ತಿಯಲ್ಲಿ ಕೂತು ಸಪ್ಪೆ ರೊಟ್ಟಿ, ಸಪ್ಪೆ ಸಾರು ಉಣ್ಣುತ್ತಾರೆ. ಹೊರಡುವಾಗ ಬುಡದ ಬಂಡೆಯ ಗುಳಿಯಲ್ಲಿ ಒಂದು ಹಿಡಿ ಉಪ್ಪು ಇಡುತ್ತಾರೆ. ಯಾರಿಗೆಂದು ಒಬ್ಬಾಕೆಯನ್ನು ಕೇಳಿದೆ. "ಅವತ್ತಿನ ಅತಿಥಿಗೆ. ಉಪ್ಪು ತಿಂದು ಹೋಗಲಿ" ಎಂದಳು. ಮರುದಿನ ನೋಡಿದರೆ ಗುಳಿ ಬರಿದು. ಕುರಿ ನೆಕ್ಕುತ್ತವೆ ಎಂದು ಕುರುಬರು ಹೇಳುತ್ತಾರೆ. ಆಕೆ ಮತ್ತೆ ಬಂದು ಉಪ್ಪು ಏನಾಯಿತೆಂದು ಕೇಳಿದಾಗ ಮಾತ್ರ ನಾನು ಕುರಿಯ ಸುದ್ದಿ ಎತ್ತಲಿಲ್ಲ. ಕುದುರೆಯ ಸಪ್ಪಳ ಕೇಳಿಸಿತ್ತು ತಾಯಿ, ಎಂದೆ.