ಬಾವಿ ನೋಡದ ಸೂರಕ್ಕ

ಕೇಳ್ರಪ್ಪ, ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಒಂದು ಊರಲ್ಲಿ ದೊಡ್ಡ ವಿದ್ಯಾಪೀಠ ಇತ್ತಂತೆ. ಓದುವವರು ಸಾವಿರ, ಓದಿಸುವವರು ನೂರು. ಅವರಿಗೆಲ್ಲ ಬೇಯಿಸಿ ಹಾಕಿ, ನೀರು ಸೇದಿ, ಕಸ ಗುಡಿಸುವವರು ಎಷ್ಟು ಅಂತ ಯಾರೂ ಎಣಿಸಿರಲಿಲ್ಲ. ಎಣಿಸಿದವಳು ಸೂರಕ್ಕ.

ಅಡುಗೆಮನೆಗೆ ಹಿಟ್ಟು ಬೀಸಲು ಬಂದವಳು, ದುಡಿಯುವವರನ್ನೆಲ್ಲ ನೋಡಿಕೊಳ್ಳುವ ಪದವಿಗೆ ಏರಿದಳಂತೆ. ಯಾರಿಗೆ ಯಾವ ಕೆಲಸ, ಬಾಣಂತಿಗೆ ಎಷ್ಟು ದಿನ ಬಿಡುವು, ಎಲ್ಲ ಅವಳದೇ ತೀರ್ಮಾನ. ಜಗಳ ಬಂದರೆ ಕುಲಪತಿಯನ್ನೂ ದುಡಿಯುವವರನ್ನೂ ಎದುರುಬದುರು ಕೂರಿಸುತ್ತಿದ್ದಳು. ಇವರ ದೂರನ್ನು ಅವರು, ಅವರ ದೂರನ್ನು ಇವರು ತಮ್ಮ ಬಾಯಿಂದ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಹೀಗೆ ಮೂವತ್ತು ವರ್ಷ, ಒಂದು ದಿನವೂ ಅಲ್ಲಿ ಒಲೆ ಆರಲಿಲ್ಲವಂತೆ. ಆದರೆ ಅವಳಿಗೊಂದು ಹಟ ಇತ್ತು. ಜಗಳಕ್ಕೆ ಕಾರಣವಾದ ಜಾಗಕ್ಕೆ ಅವಳು ಕಾಲಿಡುತ್ತಿರಲಿಲ್ಲ. ಕಣ್ಣಾರೆ ಕಂಡರೆ ಮನಸ್ಸು ಒಂದು ಕಡೆ ವಾಲುತ್ತದೆ ಅನ್ನುತ್ತಿದ್ದಳಂತೆ. ಜನ ಅದನ್ನೇ ಹೊಗಳಿದರು. ಹೊಗಳಿಕೆ ತಲೆಗೇರದೆ ಇರುತ್ತದೆಯೇ?

ಒಂದು ಬೇಸಿಗೆ ಬಾವಿಯ ಹೂಳೆತ್ತಬೇಕಾಯಿತು. ಗೋಡೆ ಉಬ್ಬಿದೆ, ನಾವು ಇಳಿಯೋದಿಲ್ಲ ಅಂದರು ಹೂಳೆತ್ತುವವರು. ಘಟಿಕೋತ್ಸವ ಹತ್ತಿರ ಬಂತು, ಗೋಡೆ ಆಮೇಲೆ ಕಟ್ಟಿಸೋಣ ಅಂದ ಕುಲಪತಿ. ಹೂಳೆತ್ತುವವರ ಮುಂದಾಳು ಭರಮಣ್ಣ ಕೈಮುಗಿದನಂತೆ. “ಅಕ್ಕಾ, ನೀವೊಂದ್ಸಲ ಇಳಿದು ನೋಡ್ರಿ.”

“ನಿನ್ನ ಮಾತು ನಂಬ್ತೀನಿ ಭರಮಣ್ಣ. ನೋಡೋದೇನೂ ಬೇಡ,” ಅಂದಳಂತೆ ಸೂರಕ್ಕ.

ಎರಡು ದಿನ ಮಾತುಕತೆ ನಡೆಯಿತು. ಒಂದು ಸಲಕ್ಕೆ ಐದೇ ಜನ ಇಳಿಯಬೇಕು, ಬಿಸಿಲೇರಿದ ಮೇಲೆ ಯಾರೂ ಇಳಿಯಬಾರದು, ಘಟಿಕೋತ್ಸವದ ಮಾರನೇ ದಿನವೇ ಗೋಡೆ ಕೆಲಸ ಶುರುವಾಗಬೇಕು. ಎಲ್ಲರೂ ಕೈಯೆತ್ತಿ ಒಪ್ಪಿದರು. ಅಷ್ಟು ಚೆಂದದ ಒಪ್ಪಂದವನ್ನು ಸೂರಕ್ಕನೂ ಅದುವರೆಗೆ ಮಾಡಿಸಿರಲಿಲ್ಲವಂತೆ.

ಹೂಳೆತ್ತಲು ಇಳಿದ ನಾಲ್ಕನೇ ದಿನ ಬೆಳಿಗ್ಗೆ, ಘಟಿಕೋತ್ಸವಕ್ಕೆ ಮೊದಲೇ, ಗೋಡೆ ಕುಸಿಯಿತು. ಒಳಗಿದ್ದದ್ದು ಐದೇ ಜನ, ಒಪ್ಪಂದದ ಪ್ರಕಾರ. ಭರಮಣ್ಣನೂ ಅವರಲ್ಲೊಬ್ಬ. ಒಬ್ಬರೂ ಉಳಿಯಲಿಲ್ಲ. ಅವರೇ ಒಪ್ಪಿದ್ದರಲ್ಲ ಅಂದನಂತೆ ಕುಲಪತಿ. ಅವನ ಬಾಯಿಗೆ ಮಣ್ಣು ಹಾಕ! ಆದರೆ ಒಪ್ಪಂದದ ಒಂದು ಮಾತನ್ನೂ ಅವನು ಮುರಿದಿರಲಿಲ್ಲ.

ಸೂರಕ್ಕ ಭರಮಣ್ಣನ ಮನೆಗೆ ಹೋದಳು. ಅವನ ಹೆಂಡತಿ ಅಳಲೂ ಇಲ್ಲ, ಬೈಯಲೂ ಇಲ್ಲವಂತೆ. “ಕುಲಪತಿ ಹೇಳಿದ್ರೆ ಅವರು ಇಳೀತಿರಲಿಲ್ಲ ಅಕ್ಕಾ. ನೀವು ಹೇಳಿದ್ರಿ ಅಂತ ಇಳಿದ್ರು,” ಅಂದಳಂತೆ.

ಅಲ್ಲಿಂದ ನೇರ ಬಾವಿಗೆ ಇಳಿದ ಸೂರಕ್ಕ ಮೇಲೆ ಬರಲೇ ಇಲ್ಲ ಅನ್ನುತ್ತಾರೆ ಕೆಲವರು. ನಾನು ನಂಬೋದಿಲ್ಲ. ಅವಳು ಮೇಲೆ ಬಂದಳು, ಪದವಿ ಬಿಟ್ಟಳು, ಹೂಳೆತ್ತುವವರ ಜೊತೆ ಬುಟ್ಟಿ ಹೊತ್ತುಕೊಂಡು ಇನ್ನೂ ಇಪ್ಪತ್ತು ವರ್ಷ ಬದುಕಿದಳು. ನೆನೆದರೆ ನನಗೆ ಸಂಕಟವಾಗುತ್ತದೆ. ಸತ್ತಿದ್ದರೇ ವಾಸಿಯಿತ್ತೇನೋ.

ಈಗಲೂ ಆ ಸೀಮೆಯಲ್ಲಿ ದುಡಿಯುವವರ ದೂರು ತೀರ್ಮಾನಿಸುವವರು ಮೊದಲು ದೂರಿನ ಜಾಗಕ್ಕೆ ಹೋಗುತ್ತಾರೆ. ಬಿರುಕು ಬಿಟ್ಟ ಚಾವಣಿಯಾದರೆ ಅದರ ಕೆಳಗೆ, ಹೊಗೆ ಹೋಗದ ಅಡುಗೆಮನೆಯಾದರೆ ಒಲೆಯ ಮುಂದೆ, ಬಾವಿಯಾದರೆ ಅದರ ತಳದಲ್ಲಿ ನಿಲ್ಲುತ್ತಾರೆ. ಅಲ್ಲಿ ದಿನಾ ದುಡಿಯುವವರು ‘ಸಾಕು, ಬನ್ನಿ’ ಅನ್ನುವವರೆಗೆ ಅವರು ಕದಲುವ ಹಾಗಿಲ್ಲ.