ಏನನ್ನೂ ಹೊರದ ತಂತಿ

ನದಿಯು ಕಡಲನ್ನು ಕೂಡುವ ಅಳಿವೆಯ ಬಳಿ ಅಚ್ಯುತಬೋಧರ ಆಶ್ರಮವಿತ್ತು. ಆಶ್ರಮಕ್ಕೊಂದು ಹಾಯಿದೋಣಿ. ಎದುರಿನ ನಡುಗಡ್ಡೆಗಳ ರೋಗಿಗಳಿಗೆ ಔಷಧವನ್ನು ಒಯ್ಯುವುದು ಅದರ ಕೆಲಸ. ಅದನ್ನು ನೋಡಿಕೊಳ್ಳುವುದು ಶಿಷ್ಯನಾದ ಪ್ರಣತನ ಕೆಲಸ.

ದೋಣಿಯನ್ನು ಕಟ್ಟೆಗೆ ಕಟ್ಟಿದ್ದಾಗ, ಅದರೊಳಗಿನ ಔಷಧವಿಡುವ ಫ್ರಿಜ್ಜಿಗೆ ದಡದಿಂದ ವಿದ್ಯುತ್ತು ಬರುತ್ತಿತ್ತು.

ಒಂದು ಮುಂಜಾನೆ ಪ್ರಣತನು ಹರ್ಷದಿಂದ ಬಂದು ನಮಸ್ಕರಿಸಿದನು.

"ಗುರುಗಳೇ, ದೋಣಿಯ ಕ್ಷಯಕ್ಕೆ ಕಾರಣ ತಿಳಿಯಿತು."

"ಹೇಳು."

"ಉಪ್ಪುನೀರು ದೋಣಿಯನ್ನು ನೂಕುವ ಎಂಜಿನ್ನಿನ ಕಂಚಿನ ಪಂಖವನ್ನು ತಿನ್ನದಿರಲೆಂದು, ಅದರ ಬದಲು ಕರಗಲು, ತಳದಲ್ಲಿ ಸತುವಿನ ಬಿಲ್ಲೆಗಳನ್ನು ಜೋಡಿಸಿದ್ದೇವಷ್ಟೆ. ವರ್ಷ ಬಾಳಬೇಕಾದ ಬಿಲ್ಲೆ ಎರಡೇ ತಿಂಗಳಿಗೆ ಕರಗುತ್ತಿತ್ತು. ಪಕ್ಕದ ಕಬ್ಬಿಣದ ದೋಣಿಗೂ ನಮಗೂ ದಡದ ಅರ್ಥಿಂಗ್ ಒಂದೇ. ಆ ಹಸಿರು ತಂತಿಯ ನಂಟಿನಿಂದ ನಮ್ಮ ಸತುವು ಅವರ ಕಬ್ಬಿಣವನ್ನೂ ಕಾಯುತ್ತಾ ಸವೆಯುತ್ತಿತ್ತು."

"ನೀನೇನು ಮಾಡಿದೆ?"

"ಮೂರು ತಂತಿಗಳಲ್ಲಿ ಎರಡು ವಿದ್ಯುತ್ತನ್ನು ಹೊರುತ್ತವೆ. ಹಸಿರಿನದು ಏನನ್ನೂ ಹೊರುವುದಿಲ್ಲ. ನಿನ್ನೆ ಸಂಜೆ ಕತ್ತರಿಸಿಬಿಟ್ಟೆ. ಇನ್ನೊಂದು ಲಾಭವೂ ಆಯಿತು! ಮೂರು ದಿನಗಳಿಂದ ದಡದ ಸ್ವಿಚ್ಚು ತಾನಾಗಿಯೇ ಬಿದ್ದು ಕರೆಂಟು ಹೋಗುತ್ತಿತ್ತು. ಕತ್ತರಿಸಿದ ಮೇಲೆ ಒಮ್ಮೆಯೂ ಬಿದ್ದಿಲ್ಲ."

ಗುರುಗಳು ಎದ್ದು ನಿಂತರು.

"ಈರಪ್ಪನೆಲ್ಲಿ?"

ಈರಪ್ಪನು ದೋಣಿಯ ತಳಕ್ಕೆ ಅಂಟಿದ ಚಿಪ್ಪುಗಳನ್ನು ಮುಳುಗಿ ಕೆರೆಯುವವನು.

"ದೋಣಿ ಸರಿಯಾಯಿತೆಂದು ಹೇಳಿದೆ, ಈಗಷ್ಟೇ ನೀರಿಗಿಳಿಯಲು ಹೋದನು, ಗುರುಗಳೇ."

ಅಚ್ಯುತಬೋಧರು ಓಡಿದರು. ಅವರು ಓಡಿದ್ದನ್ನು ಆಶ್ರಮದಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಕಟ್ಟೆಯ ಮುಖ್ಯ ಸ್ವಿಚ್ಚನ್ನು ಎಳೆದು, ಕಂಬವನ್ನು ಹಿಡಿದು ಏದುಸಿರು ಬಿಟ್ಟರು.

ಈರಪ್ಪನು ಮೆಟ್ಟಿಲ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದನು. ಅವನ ಪಾದಗಳಿಗೆ ಇನ್ನೂ ನೀರು ಸೋಂಕಿರಲಿಲ್ಲ.

"ಕರೆಂಟು ಎಂತಕ್ಕೆ ತೆಗೆದ್ರಿ ಸ್ವಾಮಿ? ಫ್ರಿಜ್ಜಿನಲ್ಲಿ ನನ್ನ ನಾಲ್ಕು ಬಂಗುಡೆ ಮೀನು..." ಎಂದವನು ನಾಲಗೆ ಕಚ್ಚಿಕೊಂಡನು.

ಗುರುಗಳು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಬಂಗುಡೆ ಹೋದರೆ ಹೋಗಲಿ, ಮಾರಾಯ. ನೀನು ಉಳಿದೆಯಲ್ಲ."

ಬಳಿಕ ಫ್ರಿಜ್ಜನ್ನು ಸರಿಸಿ ಅದರ ಹಿಂಬದಿಯನ್ನು ಶಿಷ್ಯನಿಗೆ ತೋರಿಸಿದರು. ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರವು ತಗಡನ್ನು ಮುಟ್ಟಿತ್ತು.

"ಸೋರಿದ ವಿದ್ಯುತ್ತನ್ನು ಹಸಿರು ತಂತಿ ದಡಕ್ಕೆ ಒಯ್ಯುತ್ತಿತ್ತು, ಅದರಿಂದ ಸ್ವಿಚ್ಚು ಬೀಳುತ್ತಿತ್ತು. ನೀನು ಕತ್ತರಿಸಿದ ಮೇಲೆ ಅದು ಯಾವ ದಾರಿ ಹಿಡಿಯಬೇಕು?"

ಪ್ರಣತನು ಫ್ರಿಜ್ಜಿನ ತಗಡಿನಿಂದ ಪಂಖದ ಕಡೆಗೆ ಹೋಗುವ ಹಸಿರು ತಂತಿಯನ್ನು, ಪಂಖದ ಸುತ್ತಲಿನ ನೀರನ್ನು ನೋಡಿದನು. ಈರಪ್ಪನನ್ನು ನೋಡಿದನು.

"ಇನ್ನು ಈ ದೋಣಿಯನ್ನು ನಾನು ಮುಟ್ಟಲಾರೆ, ಗುರುಗಳೇ."

"ಮುಟ್ಟದೆ ಹೇಗೆ ದುರಸ್ತಿ ಮಾಡುವೆ?"

"ತಂತಿಯಿದ್ದರೆ ದೋಣಿ ಸವೆಯುತ್ತದೆ, ಇಲ್ಲದಿದ್ದರೆ ಮನುಷ್ಯ ಸಾಯುತ್ತಾನೆ. ಏನೆಂದು ದುರಸ್ತಿ ಮಾಡಲಿ?"

"ಎರಡು ಲೋಹಗಳ ನಡುವೆ ಹುಟ್ಟಿ ಸತುವನ್ನು ಸವೆಸುವ ವಿದ್ಯುತ್ತಿನ ಬಲವೆಷ್ಟು?"

"ಅತ್ಯಲ್ಪ. ಟಾರ್ಚಿನ ಸೆಲ್ಲಿನಷ್ಟೂ ಇಲ್ಲ."

"ಕೊಲ್ಲುವುದರದ್ದು?"

"ಅದರ ನೂರಾರು ಪಟ್ಟು."

"ಅಷ್ಟು ಅಂತರವಿದೆಯೆಂದ ಮೇಲೆ, ಅಲ್ಪವನ್ನು ತಡೆದು ಮಹತ್ತಿಗೆ ದಾರಿ ಬಿಡುವ ಬಾಗಿಲನ್ನು ಯಾರೂ ಮಾಡಿರಲಾರರೇ? ಬಂದರಿಗೆ ಹೋಗಿ ವಿಚಾರಿಸು."

ಔಷಧ ಕೆಡದಂತೆ ಈರಪ್ಪನು ಮನೆಯಿಂದ ಐಸು ತಂದನು. ಬಂಗುಡೆಯನ್ನು ಬೇರೆ ಡಬ್ಬಿಯಲ್ಲಿಟ್ಟನು.

ಮರುದಿನ ಪ್ರಣತನು ಬಂದರಿನಿಂದ ಅಂಗೈಯಗಲದ ತಡೆಪೆಟ್ಟಿಗೆಯೊಂದನ್ನು ತಂದು, ಹಸಿರು ತಂತಿಯ ತುಂಡಾದ ತುದಿಗಳ ನಡುವೆ ಕೂಡಿಸಿದನು. ಲೋಹವನ್ನು ತಿನ್ನುವ ಅಲ್ಪ ವಿದ್ಯುತ್ತು ಅದನ್ನು ದಾಟದು. ಜೀವಕ್ಕೆ ಎರವಾಗುವ ಪ್ರವಾಹ ಬಂದರೆ ಅದು ಅಡ್ಡಿಪಡಿಸದು. ಫ್ರಿಜ್ಜಿನ ಸವೆದ ತಂತಿಯನ್ನೂ ಬದಲಿಸಿದನು.

"ಸರಿಯಾಯಿತೇ?" ಎಂದರು ಗುರುಗಳು.

"ಸರಿಯಾಯಿತು, ಗುರುಗಳೇ."

"ನಿನ್ನೆಯೂ ಹಾಗೇ ಹೇಳಿದ್ರಲ್ಲ, ಸಣ್ಣ ಸ್ವಾಮಿ!" ಎಂದ ಈರಪ್ಪನು ಮೆಟ್ಟಿಲಿನಿಂದ ಏಳಲಿಲ್ಲ.

ಅಚ್ಯುತಬೋಧರು ಉತ್ತರೀಯವನ್ನು ಈರಪ್ಪನ ಕೈಗೆ ಕೊಟ್ಟು ನೀರಿಗಿಳಿದರು. ಪಂಖದ ಬಳಿಗೆ ಹೋಗಿ, ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತರು.

"ಸ್ವಿಚ್ಚು ಹಾಕು."

ಪ್ರಣತನ ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು.

"ಗುರುಗಳೇ, ಮೊದಲಿನಿಂದ ಇನ್ನೊಮ್ಮೆ ಪರೀಕ್ಷಿಸಿ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮೇಲೆ ಬನ್ನಿ."

ಗುರುಗಳ ಮುಖ ಅರಳಿತು.

"ನೀರು ಹಿತವಾಗಿದೆ. ನಿಧಾನವಾಗಿ ನೋಡು."